ಹುಣಿಯ ತೂತು

ಬೆಳ್ಮಣ್
ಮಳೆ ಹಿಡಿದ ಎರಡನೇ ವಾರ

ಪ್ರೀತಿಯ ಪುಟ್ಟೀ,

ಮೊನ್ನೆ ಮಣಿಪಾಲದಿಂದ ಫೋನು ಮಾಡಿ, "ಅಜ್ಜ, ಎಚ್‌ಐವಿಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಅಂತಾರೆ, ಕೆರಳಿರುತ್ತದೆ ಅಂತಲೂ ಅಂತಾರೆ. ಯಾವುದು ಸರಿ?" ಎಂದು ಕೇಳಿದೆಯಲ್ಲ. ಎರಡೂ ಸರಿ ಮಾರಾಯ್ತಿ. ಫೋನಿನಲ್ಲಿ ವಿವರಿಸೋಣವೆಂದರೆ ನನ್ನ ಕಿವಿ ಈಗ ಅಷ್ಟಕ್ಕಷ್ಟೆ.

ಮೊದಲು ಕುಗ್ಗುವ ಸಂಗತಿ. ಲ್ಯಾಬಿನಲ್ಲಿದ್ದಾಗ ಕ್ಷಯದ ಮಾಂಟೂ ಪರೀಕ್ಷೆ ಓದುವುದು ನನ್ನ ಪಾಲಿನ ಕೆಲಸ. ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಟ್ಯೂಬರ್ಕ್ಯುಲಿನ್, 0.1 ಮಿಲಿಲೀಟರ್, ಮುಂದೋಳಿನ ಚರ್ಮದೊಳಗೆ. 48ರಿಂದ 72 ಗಂಟೆಯೊಳಗೆ ನೋಡಬೇಕು. ಕೆಂಪನ್ನು ಅಳೆಯುವವರಿದ್ದಾರೆ, ತಪ್ಪು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಗಟ್ಟಿ ಅಂಚೊಂದು ತಾಗುತ್ತದೆ. ಅಳೆಯಬೇಕಾದ್ದು ಅದನ್ನು, ತೋಳಿಗೆ ಅಡ್ಡಲಾಗಿ. ಎಚ್‌ಐವಿ ಇರುವವರಿಗೆ 5 ಮಿಲಿಮೀಟರ್ ಆದರೂ ಲೆಕ್ಕಕ್ಕೆ ಬರುತ್ತದೆ.

ಮುಂಬಯಿಯ ಹೋಟೆಲು ಬಿಟ್ಟು ಊರಿಗೆ ಬಂದಿದ್ದ ಹುಡುಗನೊಬ್ಬನ ತೋಳು ಅಂಗೈಯಷ್ಟೇ ನುಣುಪಾಗಿತ್ತು. ನಾನು ಸೊನ್ನೆ ಬರೆದೆ. ಕ್ಷಯವಿಲ್ಲ ಎಂದು ಅವನಿಗೂ ಖುಷಿ, ನನಗೂ ಖುಷಿ. ತಿಂಗಳು ಕಳೆಯುವುದರೊಳಗೆ ಅವನ ಕಫದಲ್ಲೇ ಕ್ಷಯದ ಕಡ್ಡಿಗಳು ಕಂಡವು. ಬ್ಯಾಕ್ಟೀರಿಯಾದ ಗುರುತು ಹಿಡಿದು ಕೂಗಬೇಕಾದ ಸಿಡಿ4 ಎಂಬ ರಕ್ಷಕ ಕಣಗಳೇ ಎಚ್‌ಐವಿಯಿಂದಾಗಿ ಅವನಲ್ಲಿ ಉಳಿದಿರಲಿಲ್ಲ, ತೋಳು ಉಬ್ಬುವುದೆಲ್ಲಿಂದ? ಸರ್ಕಾರ ಎಚ್‌ಐವಿಯ ಮಾತ್ರೆ, ಅಂದರೆ ಎಆರ್‌ಟಿ, ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲಿನಲ್ಲಿ. ಅವನದು ಅದಕ್ಕೂ ಹಿಂದಿನ ಕಥೆ. ಆ ಸೊನ್ನೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಇನ್ನು ಕೆರಳುವ ಸಂಗತಿ. ನಮ್ಮ ಬೈಲುಗದ್ದೆಯ ಹುಣಿಗೆ ಏಡಿ ತೂತು ಕೊರೆದರೆ ಏನಾಗುತ್ತದೆಂದು ನೀನೇ ನೋಡಿದ್ದಿ: ಬೆಳಗಾಗುವಾಗ ಮೇಲಿನ ಗದ್ದೆಯ ನೀರೆಲ್ಲ ಕೆಳಗೆ. ಕರುಳಿನ ಗೋಡೆಯೂ ಅಂಥದ್ದೇ ಹುಣಿ. ಅದನ್ನು ಕಾಯುವ ಸಿಡಿ4 ಕಣಗಳನ್ನು ಎಚ್‌ಐವಿ ಮೊದಲ ಕೆಲವೇ ವಾರಗಳಲ್ಲಿ ಬರಿದು ಮಾಡುತ್ತದೆ. ಆಮೇಲೆ ಕರುಳಿನ ಬ್ಯಾಕ್ಟೀರಿಯಾಗಳ ಹೊರಕವಚದ ಚೂರು, ಅದೇ ನಿಮ್ಮ ಎಲ್‌ಪಿಎಸ್, ರಕ್ತಕ್ಕೆ ಜಿನುಗುತ್ತದೆ. ಉಳಿದ ರಕ್ಷಕ ಕಣಗಳು ಅದನ್ನು ಕಂಡು ಹಗಲೂ ರಾತ್ರಿ ಬೊಬ್ಬೆ ಹೊಡೆಯುತ್ತವೆ. ಅಮೆರಿಕದ ಬ್ರೆಂಚ್ಲಿ, ಡುಎಕ್ ಮತ್ತು ಸಂಗಡಿಗರು ಇದನ್ನು ತೋರಿಸಿದ್ದು 2006ರಲ್ಲಿ. ನಾನು ಓದಿದ್ದು ನಿವೃತ್ತನಾದ ಮೇಲೆ. ಅದೇ ದೇಹ, ತೋಳಿನಲ್ಲಿ ಮೂಕ, ರಕ್ತದಲ್ಲಿ ಗದ್ದಲ!

ಎಆರ್‌ಟಿ ಮಾತ್ರೆ ತಪ್ಪದೆ ನುಂಗಿದರೆ ವೈರಸ್ ಅಡಗುತ್ತದೆ, ಸೋರಿಕೆಯೂ ಇಳಿಯುತ್ತದೆ, ಆದರೆ ಅನೇಕರಲ್ಲಿ ಪೂರ್ತಿ ನಿಲ್ಲುವುದಿಲ್ಲ. ಈ ನಿಲ್ಲದ ಗದ್ದಲ ಹೃದಯಕ್ಕೂ ತಟ್ಟುತ್ತದೆ; ವೈರಸ್ ಲೆಕ್ಕಕ್ಕೇ ಸಿಗದವರ ಹೃದಯದ ಬಗ್ಗೆಯೂ ವೈದ್ಯರು ವಿಚಾರಿಸುವುದು ಸುಮ್ಮನೆ ಅಲ್ಲ. ಎಚ್‌ಐವಿ ಇರುವವರಿಗೆ ಕ್ಷಯ ತಡೆಯುವ ಮಾತ್ರೆ ಕೊಡಲು ಈಗ ತೋಳಿನ ಪರೀಕ್ಷೆಗೆ ಕಾಯುವುದೂ ಇಲ್ಲ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿದದ್ದು, ಇಷ್ಟು ಕೇಳುತ್ತಾರೆ. ಆ ಹುಡುಗನನ್ನು ನಾನು ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ.

ಶನಿವಾರ ಬಾ. ಪತ್ರೊಡೆಗೆ ಕೆಸುವಿನೆಲೆ ಬೇಕಾದಷ್ಟಿದೆ. ನನ್ನ ಹಳೆಯ ಪಾರದರ್ಶಕ ಸ್ಕೇಲು ಅಜ್ಜಿಯ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು, 5ರ ಗೆರೆ ಮಾತ್ರ ಸ್ವಲ್ಪ ಅಳಿಸಿದೆ. ಬೇಕಾದರೆ ತೆಗೆದುಕೊಂಡು ಹೋಗು.

ನಿನ್ನ
ಅಜ್ಜ