ಸಾಲ, ತೆರಿಗೆ ಬಾಕಿ ಮತ್ತು ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್

1979ರಲ್ಲಿ ದಿವಾಳಿಯೆದ್ದ ರೊನಾಲ್ಡ್ ಪೆಲ್ಟನ್ ಅದೇ ವರ್ಷ ಅಮೆರಿಕದ ನ್ಯಾಷನಲ್ ಸೆಕ್ಯುರಿಟಿ ಏಜೆನ್ಸಿಯ ಕೆಲಸ ಬಿಟ್ಟ. ಮರುವರ್ಷ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ, ತನಗೆ ಗೊತ್ತಿದ್ದ ಗುಟ್ಟುಗಳನ್ನು ಮಾರಿದ. ಸಿಕ್ಕಿದ್ದು ಸುಮಾರು 35,000 ಡಾಲರ್. 1986ರಲ್ಲಿ ಅಪರಾಧ ಸಾಬೀತಾಯಿತು. ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಅನುಮತಿಯೇ ಸೆಕ್ಯುರಿಟಿ ಕ್ಲಿಯರೆನ್ಸ್. ಅದನ್ನು ಕೊಡುವ ಮುನ್ನ ಅಧಿಕಾರಿಗಳು ಅರ್ಜಿದಾರರ ಸಾಲದ ಲೆಕ್ಕ ಕೆದಕುವುದು ಇಂಥ ಪ್ರಕರಣಗಳನ್ನು ಕಂಡೇ.

ಹಾಗೆಂದು ಸಾಲವಿದ್ದವರೆಲ್ಲ ಅನರ್ಹರಲ್ಲ. ಮನೆ ಸಾಲ, ಓದಿನ ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದರೆ ಯಾವ ತೊಡಕೂ ಇಲ್ಲ. 2017ರ ಜೂನ್ 8ರಿಂದ ಜಾರಿಯಲ್ಲಿರುವ ಕ್ಲಿಯರೆನ್ಸ್ ಮಾರ್ಗಸೂಚಿಗಳಲ್ಲಿ ‘ಗೈಡ್‌ಲೈನ್ ಎಫ್’ ಹಣಕಾಸಿಗೆ ಸಂಬಂಧಿಸಿದ್ದು. ತೀರಿಸದೆ ಬಿಟ್ಟ ಸಾಲ, ಆದಾಯ ಮೀರಿದ ಖರ್ಚು, ಜೂಜು, ಸಲ್ಲಿಸದ ತೆರಿಗೆ ರಿಟರ್ನ್ ಇವೆಲ್ಲ ಅದರಡಿ ಆಕ್ಷೇಪಾರ್ಹ. ಕೆಲಸ ಹೋಗಿತ್ತು, ಆಸ್ಪತ್ರೆ ಖರ್ಚು ಬಂತು, ವಿಚ್ಛೇದನವಾಯಿತು ಎಂಬ ಕಾರಣಗಳನ್ನು ಅದೇ ಮಾರ್ಗಸೂಚಿ ಮಾನ್ಯ ಮಾಡುತ್ತದೆ. ಆದರೆ ಆ ಕಷ್ಟದಲ್ಲೂ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಿ ಎಂಬುದಕ್ಕೆ ಪುರಾವೆ ಬೇಕು. ಸಾಲ ಕೊಟ್ಟವರಿಗೆ ಬರೆದ ಪತ್ರ, ತಿಂಗಳಿಗೆ ಐವತ್ತು ಡಾಲರಿನಂತೆ ಕಟ್ಟಿದ ರಸೀದಿ, ಸಾಲ ಸಲಹಾ ಕೇಂದ್ರದ ದಾಖಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಏಳು ವರ್ಷ ಕಳೆದು ಹಳೇ ಸಾಲ ಕ್ರೆಡಿಟ್ ರಿಪೋರ್ಟಿನಿಂದ ಮಾಯವಾದರೆ ಅದು ತೀರಿದಂತಲ್ಲ.

ಎಸ್‌ಎಫ್-86 ಎಂಬ ಕ್ಲಿಯರೆನ್ಸ್ ಅರ್ಜಿಯ 26ನೇ ವಿಭಾಗ ಕಳೆದ ಏಳು ವರ್ಷಗಳ ದಿವಾಳಿ, ತೆರಿಗೆ ಬಾಕಿ, 120 ದಿನ ಮೀರಿದ ಸಾಲಗಳನ್ನು ಕೇಳುತ್ತದೆ. ಮೊದಲು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಸಂಸ್ಥೆಗಳ ಕ್ರೆಡಿಟ್ ರಿಪೋರ್ಟನ್ನು ಉಚಿತವಾಗಿ ತರಿಸಿಕೊಂಡು, ಎದುರಿಗಿಟ್ಟುಕೊಂಡೇ ಅರ್ಜಿ ತುಂಬಿ. ನಾಚಿಕೆಯಿಂದ ಒಂದು ಸಾಲವನ್ನು ಮುಚ್ಚಿಟ್ಟರೆ ಸಾಲದ ಪ್ರಶ್ನೆ ಹಿಂದೆ ಸರಿದು ಪ್ರಾಮಾಣಿಕತೆಯ ಪ್ರಶ್ನೆ ಮುಂದೆ ಬರುತ್ತದೆ. ಬೇಕೆಂದೇ ಸುಳ್ಳು ಬರೆಯುವುದು ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ.

ನನ್ನ ಮಟ್ಟಿಗೆ, ತೆರಿಗೆಯ ವಿಷಯ ಸಾಲಕ್ಕಿಂತ ಗಂಭೀರ. ಸರ್ಕಾರದ ನಿಯಮ ಪಾಲಿಸದವರು ಸರ್ಕಾರದ ಗುಟ್ಟು ಕಾಯುತ್ತಾರೆಯೇ ಎಂದು ಕ್ಲಿಯರೆನ್ಸ್ ಪ್ರಕರಣ ವಿಚಾರಿಸುವ ನ್ಯಾಯಾಧೀಶರು ಕೇಳುತ್ತಾರೆ. ಕಟ್ಟಲು ದುಡ್ಡಿಲ್ಲದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಬಾಕಿಗೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಬಳಿ ಕಂತಿನ ಒಪ್ಪಂದ ಕೇಳಬಹುದು. ಅಕ್ಟೋಬರ್ 15ರವರೆಗೆ ಸಿಗುವ ಹೆಚ್ಚುವರಿ ಗಡುವು ರಿಟರ್ನ್ ಸಲ್ಲಿಸಲಿಕ್ಕೆ ಮಾತ್ರ, ತೆರಿಗೆ ಕಟ್ಟಲಿಕ್ಕಲ್ಲ. ಒಪ್ಪಂದವಾಗಿ ಕಂತು ತಪ್ಪದೆ ಕಟ್ಟುತ್ತಿದ್ದರೆ ಅದು ನಿಮ್ಮ ಪರವಾದ ಅಂಶ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಇಲ್ಲೊಂದು ಕಡೆ ಹೆಚ್ಚು ಎಚ್ಚರ ವಹಿಸಬೇಕು. ಊರಿನ ಬ್ಯಾಂಕಿನಲ್ಲಿ ಅಪ್ಪನ ಜೊತೆ ಜಂಟಿಯಾಗಿಟ್ಟ ಎಫ್‌ಡಿಯೂ ವಿದೇಶಿ ಖಾತೆಯೇ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಮೆರಿಕದಲ್ಲಿ ಇದೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ಪ್ರತ್ಯೇಕ ವರದಿ ಸಲ್ಲಿಸಬೇಕು. ಎಸ್‌ಎಫ್-86 ಕೂಡ ವಿದೇಶಿ ಹಣಕಾಸಿನ ಬಗ್ಗೆ ಕೇಳುವುದರಿಂದ ಎರಡೂ ಕಡೆಯ ಉತ್ತರ ತಾಳೆಯಾಗಬೇಕು.

ಅರ್ಜಿಯ ಬಗ್ಗೆ ಆಕ್ಷೇಪವಿದ್ದರೆ ಸರ್ಕಾರಿ ಗುತ್ತಿಗೆ ಕಂಪನಿಯ ನೌಕರರಿಗೆ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಎಂಬ ನೋಟಿಸ್ ಬರುತ್ತದೆ. ಕೈಸೇರಿದ 20 ದಿನದೊಳಗೆ ಪ್ರತಿ ಆರೋಪಕ್ಕೂ ಪ್ರತ್ಯೇಕವಾಗಿ, ಲಿಖಿತವಾಗಿ, ಹೌದು ಅಥವಾ ಅಲ್ಲ ಎಂದು ಉತ್ತರಿಸಿ. ವಿಚಾರಣೆ ಬೇಕಿದ್ದರೆ ಆ ಉತ್ತರದಲ್ಲೇ ಕೇಳಿ. ವಕೀಲರನ್ನು ಇಟ್ಟುಕೊಳ್ಳಬಹುದು, ಖರ್ಚು ನಿಮ್ಮದು. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು 1988ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಸಂದೇಹ ಉಳಿದರೆ ತೀರ್ಪು ದೇಶದ ಭದ್ರತೆಯ ಪರ. ಅರ್ಜಿ ತಿರಸ್ಕೃತವಾದರೂ ಒಂದು ವರ್ಷದ ನಂತರ ಮತ್ತೆ ಅವಕಾಶ ಕೇಳಬಹುದು. ಆ ವರ್ಷದಲ್ಲಿ ಕಟ್ಟಿದ ಪ್ರತಿ ಕಂತಿನ ರಸೀದಿಯನ್ನೂ ಜೋಪಾನವಾಗಿಡಿ.