ಫೋನಿನ ಜಾತಿ ಬದಲಿಸುವ ಮುನ್ನ: ರೈತರಿಗೊಂದು ಪಾಠ



ಸಂತೆಯಿಂದ ಹೊಸ ಎತ್ತನ್ನು ಹೊಡೆದುಕೊಂಡು ಬಂದ ದಿನವೇ ಅದನ್ನು ನೊಗಕ್ಕೆ ಕಟ್ಟಿ ಇಡೀ ಹೊಲ ಉಳುವವರು ನಮ್ಮಲ್ಲಿ ಯಾರೂ ಇಲ್ಲ. ಎತ್ತು ಬಲವಾದದ್ದೇ ಇರಬಹುದು. ಆದರೆ ಅದಕ್ಕೆ ನಮ್ಮ ಮಾತಿನ ರೂಢಿ ಇಲ್ಲ, ನಮಗೆ ಅದರ ನಡೆಯ ರೂಢಿ ಇಲ್ಲ. ನಾಲ್ಕು ದಿನ ಹಳೆಯ ಎತ್ತಿನ ಜೊತೆ ಕಟ್ಟಿ ಪಳಗಿಸಿಕೊಳ್ಳುತ್ತೇವೆ. ಅಲ್ಲಿಯವರೆಗೆ ಹಳೆಯ ಜೋಡಿಯನ್ನು ಮಾರುವುದಿಲ್ಲ. ಕೈಯಲ್ಲಿ ಹಿಡಿಯುವ ಸ್ಮಾರ್ಟ್‌ಫೋನಿನ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ನಾವು ಮರೆಯುತ್ತೇವೆ.

ಪಟ್ಟಣದಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ತಾವು ಹೊಸ ಫೋನು ಕೊಂಡಾಗ ಹಳೆಯ ಐಫೋನನ್ನು ಊರಿನಲ್ಲಿರುವ ತಂದೆಗೆ ಕೊಡುವುದುಂಟು. ಆಂಡ್ರಾಯ್ಡ್ ಫೋನನ್ನು ಬಳಸಿ ರೂಢಿಯಾದ ರೈತನು ಆ ದಿನದಿಂದ ಪಡುವ ಪಾಡು ಏನು, ಅದನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದೇ ಈ ಪಾಠದ ವಿಷಯ.

1. ಎರಡು ಬಗೆಯ ಫೋನುಗಳು

ಫೋನಿನ ಒಳಗೆ ಎಲ್ಲ ಕೆಲಸವನ್ನೂ ನಡೆಸುವ ಒಂದು ಮೂಲ ವ್ಯವಸ್ಥೆ ಇರುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುವು ಎರಡು. ಒಂದು ಆಪಲ್ ಕಂಪನಿಯ ಐಒಎಸ್; ಇದು ಆ ಕಂಪನಿಯೇ ತಯಾರಿಸುವ ಐಫೋನಿನಲ್ಲಿ ಮಾತ್ರ ಇರುತ್ತದೆ. ಐಫೋನು ಮೊದಲು ಮಾರಾಟಕ್ಕೆ ಬಂದದ್ದು 2007ರಲ್ಲಿ. ಇನ್ನೊಂದು ಗೂಗಲ್ ಕಂಪನಿಯ ಆಂಡ್ರಾಯ್ಡ್. ಇದನ್ನು ಹಾಕಿದ ಮೊದಲ ಫೋನು 2008ರಲ್ಲಿ ಬಂದಿತು. ಆಂಡ್ರಾಯ್ಡನ್ನು ಅನೇಕ ಕಂಪನಿಗಳು ತಮ್ಮ ಫೋನುಗಳಲ್ಲಿ ಬಳಸುತ್ತವೆ. ಕಡಿಮೆ ಬೆಲೆಗೆ ಸಿಗುವುದರಿಂದ ನಮ್ಮ ಹಳ್ಳಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ.

ಎರಡರಲ್ಲಿಯೂ ಮಾತನಾಡಬಹುದು, ಚಿತ್ರ ತೆಗೆಯಬಹುದು, ಹಣ ಕಳಿಸಬಹುದು. ಆದರೆ ಒಂದಕ್ಕೆಂದು ಮಾಡಿದ ಆಪ್ ಇನ್ನೊಂದರಲ್ಲಿ ನಡೆಯದು. ಆಂಡ್ರಾಯ್ಡಿನ ಆಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಸಿಗುತ್ತವೆ, ಐಫೋನಿನವು ಆಪ್ ಸ್ಟೋರ್‌ನಲ್ಲಿ ಸಿಗುತ್ತವೆ. ಭತ್ತದ ಯಂತ್ರಕ್ಕೆ ರಾಗಿ ಹಾಕಿದರೆ ಹೇಗೋ ಹಾಗೆ.

2. ಒಂದು ಮನೆಯ ಉದಾಹರಣೆ

ಟೊಮೇಟೊ ಬೆಳೆಯುವ ಒಬ್ಬ ರೈತರ ಮನೆಯನ್ನು ಊಹಿಸಿಕೊಳ್ಳಿ. ಭಾನುವಾರ ಮಗಳು ಬಂದು ಐಫೋನು ಕೊಟ್ಟಳು. ಸಂಜೆಯ ಬಸ್ಸಿಗೆ ಹೊರಡುವ ಅವಸರದಲ್ಲಿ ಸಿಮ್ಮನ್ನು ತೆಗೆದು ಹೊಸ ಫೋನಿಗೆ ಹಾಕಿದಳು, ವಾಟ್ಸಾಪ್ ತೆರೆದುಕೊಟ್ಟಳು. ಹಳೆಯ ಫೋನನ್ನು ಪೂರ್ತಿ ಅಳಿಸಿ ಪಕ್ಕದ ಮನೆಯ ಹುಡುಗನ ಓದಿಗೆಂದು ಕೊಟ್ಟದ್ದೂ ಆಯಿತು.

ರಾತ್ರಿ ತಂದೆ ಫೋನು ಮಾಡಿದರು: "ಫೋನೇನೋ ಚೆನ್ನಾಗಿದೆ ಮಗಳೇ. ಆದರೆ ಮಂಡಿಯವರು ಕಳಿಸಿದ ತೂಕದ ಚೀಟಿಗಳೆಲ್ಲ ಎಲ್ಲಿ ಹೋದವು?"

"ವಾಟ್ಸಾಪಿನಲ್ಲೇ ಇರಬೇಕಲ್ಲಪ್ಪಾ."

"ವಾಟ್ಸಾಪು ಇದೆ. ಅದರೊಳಗೆ ಏನೂ ಇಲ್ಲ."

ಮಂಡಿಯ ಚೀಟಿ, ಪಹಣಿಯ ಚಿತ್ರ, ಬೋರ್‌ವೆಲ್ ಮೋಟಾರಿನ ರಶೀದಿ, ಎಲ್ಲವೂ ಆ ಮಾತುಕತೆಗಳೊಳಗೆ ಇದ್ದವು. ಮಾರನೆಯ ಬೆಳಗ್ಗೆ ಗೊಬ್ಬರದ ಅಂಗಡಿಗೆ ಹೋದರೆ ಹಣ ಕಳಿಸುವ ಆಪ್ ತೆರೆಯಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದರು. ಮೂರು ಲೋಡಿನ ಬಾಕಿ ಹಣಕ್ಕೆ ಮಂಡಿಯವರೊಡನೆ ಲೆಕ್ಕ ನೋಡುವಾಗ ತೋರಿಸಲು ಕೈಯಲ್ಲಿ ಚೀಟಿ ಇರಲಿಲ್ಲ.

ಇಲ್ಲಿ ಫೋನಿನ ತಪ್ಪೂ ಇಲ್ಲ, ಮಗಳ ಪ್ರೀತಿಯ ತಪ್ಪೂ ಇಲ್ಲ. ಕ್ರಮ ತಪ್ಪಿತು, ಅಷ್ಟೇ. ಹಳೆಯ ಫೋನನ್ನು ಅಳಿಸದೆ ಇಟ್ಟಿದ್ದರೆ ಆ ಮಾತುಕತೆಗಳು ಅದರಲ್ಲಿ ಹಾಗೆಯೇ ಉಳಿದಿರುತ್ತಿದ್ದುವು.

3. ಬದಲಿಸುವ ಮೊದಲು ನೋಡತಕ್ಕ ವಿಷಯಗಳು

(ಅ) ಬೀಗ. ಬೇರೆಯವರು ಬಳಸಿದ ಐಫೋನು ಅವರ ಆಪಲ್ ಖಾತೆಗೆ ಕಟ್ಟಿಕೊಂಡಿರುತ್ತದೆ. ಅವರು ತಮ್ಮ ಖಾತೆಯಿಂದ ಹೊರಬಂದು, ಫೋನನ್ನು ಅಳಿಸಿ ಕೊಡಬೇಕು. ಇಲ್ಲವಾದರೆ ಅವರ ಗುಪ್ತಪದವಿಲ್ಲದೆ ಫೋನು ನಿಮ್ಮದಾಗುವುದಿಲ್ಲ. ಮಕ್ಕಳು ಕೊಟ್ಟದ್ದಾದರೆ ಕೇಳಿ ಮಾಡಿಸಿಕೊಳ್ಳಬಹುದು. ಸಂತೆಯಲ್ಲಿ ಗುರುತಿಲ್ಲದವರಿಂದ ಕೊಂಡರೆ ಹಣ ಹೋದಂತೆಯೇ ಸರಿ.

(ಆ) ಸಿಮ್. ಅನೇಕ ರೈತರು ಎರಡು ಸಿಮ್ ಇಟ್ಟುಕೊಂಡಿರುತ್ತಾರೆ: ಬ್ಯಾಂಕು, ಆಧಾರಿಗೆ ಒಂದು, ಮಾತಿಗೆ ಇನ್ನೊಂದು. 2018ಕ್ಕಿಂತ ಹಿಂದಿನ ಐಫೋನುಗಳಲ್ಲಿ ಒಂದೇ ಸಿಮ್ಮಿಗೆ ಸ್ಥಳ. ಆಮೇಲೆ ನಮ್ಮ ದೇಶದಲ್ಲಿ ಮಾರಾಟವಾದ ಬಹುಪಾಲು ಮಾದರಿಗಳಲ್ಲಿ ಒಂದು ಸಿಮ್ಮಿನ ಬಿಲ್ಲೆ ಹಾಕಿ, ಎರಡನೆಯದನ್ನು ಇ-ಸಿಮ್ ಆಗಿ ಕಂಪನಿಯಿಂದ ಮಾಡಿಸಿಕೊಳ್ಳಬೇಕು. ಮೊದಲೇ ವಿಚಾರಿಸಿರಿ.

(ಇ) ನೆನಪಿನ ಕಾರ್ಡು. ಐಫೋನಿನಲ್ಲಿ ಮೆಮೊರಿ ಕಾರ್ಡು ಹಾಕಲು ಸ್ಥಳವಿಲ್ಲ. ಹಳೆಯ ಫೋನಿನ ಕಾರ್ಡಿನಲ್ಲಿರುವ ಚಿತ್ರಗಳನ್ನು ಬೇರೆಯಾಗಿ ಸಾಗಿಸಬೇಕು.

(ಈ) ಚಾರ್ಜರು ಮತ್ತು ರೇಡಿಯೋ. 2023ರಲ್ಲಿ ಬಂದ ಐಫೋನ್ 15ರಿಂದ ಆಂಡ್ರಾಯ್ಡಿನಂತೆಯೇ ಸಿ ಮಾದರಿಯ ತಂತಿ ಇದೆ. ಅದಕ್ಕೆ ಹಿಂದಿನವುಗಳಿಗೆ ಬೇರೆ ತಂತಿ ಬೇಕು, ಮನೆಯಲ್ಲಿರುವುದು ಹೊಂದುವುದಿಲ್ಲ. ಕಿವಿಗೆ ತಂತಿ ಸಿಕ್ಕಿಸಿ ಎಫ್‌ಎಂ ಕೇಳುವ ಸೌಲಭ್ಯ ಐಫೋನಿನಲ್ಲಿ ಇಲ್ಲ. ಹೊಲದಲ್ಲಿ ಆಕಾಶವಾಣಿ ಕೇಳುವವರು ಇಂಟರ್ನೆಟ್ ಮೂಲಕವೇ ಕೇಳಬೇಕಾಗುತ್ತದೆ.

(ಉ) ಆಪ್‌ಗಳು. ಇದು ಎಲ್ಲಕ್ಕಿಂತ ಮುಖ್ಯ. ನೀವು ನಿತ್ಯ ಬಳಸುವ ಆಪ್‌ಗಳ ಹೆಸರನ್ನು ಒಂದು ಕಾಗದದಲ್ಲಿ ಬರೆಯಿರಿ. ಒಂದೊಂದನ್ನೂ ಆಪ್ ಸ್ಟೋರ್‌ನಲ್ಲಿ ಹುಡುಕಿ, ಇದ್ದರೆ ಗುರುತು ಹಾಕಿರಿ. ಕರ್ನಾಟಕದಲ್ಲಿ 2020ರಿಂದ ರೈತರೇ ತಮ್ಮ ಬೆಳೆ ಸಮೀಕ್ಷೆಯನ್ನು ಮೊಬೈಲಿನ ಮೂಲಕ ಮಾಡುವ ಏರ್ಪಾಡು ಇದೆ. ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ, ಇವಕ್ಕೆಲ್ಲ ಆ ವಿವರವೇ ಆಧಾರ. ಇಂಥ ಸರ್ಕಾರಿ ಆಪ್‌ಗಳಲ್ಲಿ ಕೆಲವನ್ನು ಆಂಡ್ರಾಯ್ಡಿಗೆಂದೇ ಮಾಡಿರುತ್ತಾರೆ. ಹೊಸ ಫೋನಿಗೆ ಸಿಗದ ಆಪ್ ಇದ್ದರೆ ಆ ಕೆಲಸಕ್ಕೆ ಹಳೆಯ ಫೋನನ್ನೇ ಇಟ್ಟುಕೊಳ್ಳತಕ್ಕದ್ದು. ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿಯನ್ನಾದರೋ ಆಧಾರಿಗೆ ಸೇರಿದ ನಂಬರಿಗೆ ಬರುವ ಒಟಿಪಿಯಿಂದ ಅದರ ವೆಬ್‌ಸೈಟಿನಲ್ಲೂ ಮಾಡಬಹುದು. ಅಲ್ಲಿ ಫೋನಿನ ಜಾತಿ ಮುಖ್ಯವಲ್ಲ, ನಂಬರು ಮುಖ್ಯ.

4. ಸಾಗಿಸುವ ಕ್ರಮ

ಸಸಿ ಮಡಿಯಿಂದ ಪೈರನ್ನು ಬೇರು ಹರಿಯದಂತೆ ಕೀಳುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ.

ಮೊದಲು ನಂಬರುಗಳು. ನಿಮ್ಮ ಬಂಧುಬಳಗದ ನಂಬರುಗಳು ಸಿಮ್ಮಿನಲ್ಲಿವೆಯೋ, ಫೋನಿನಲ್ಲಿವೆಯೋ, ಗೂಗಲ್ ಖಾತೆಯಲ್ಲಿವೆಯೋ ನೋಡಿರಿ. ಗೂಗಲ್ ಖಾತೆಯಲ್ಲಿದ್ದರೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯನ್ನು ಸೇರಿಸಿದ ಕೂಡಲೆ ಬಂದುಬಿಡುತ್ತವೆ. ಸಿಮ್ಮಿನಲ್ಲಿರುವ ನಂಬರುಗಳನ್ನು ಐಫೋನು ತನ್ನೊಳಕ್ಕೆ ಎಳೆದುಕೊಳ್ಳಬಲ್ಲದು. ಆದರೆ ಹೊಸ ನಂಬರನ್ನು ಸಿಮ್ಮಿಗೆ ಬರೆಯದು. ಬಹುಮುಖ್ಯವಾದ ಹತ್ತು ನಂಬರುಗಳನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಡುವುದು ಎಂದಿಗೂ ಒಳ್ಳೆಯದು.

ಎರಡನೆಯದು ವಾಟ್ಸಾಪ್. ಆಂಡ್ರಾಯ್ಡಿನ ವಾಟ್ಸಾಪ್ ತನ್ನ ಪ್ರತಿಯನ್ನು ಗೂಗಲ್ ಖಾತೆಯಲ್ಲಿ ಇಡುತ್ತದೆ. ಐಫೋನಿನ ವಾಟ್ಸಾಪ್ ಆ ಪ್ರತಿಯನ್ನು ಓದಲಾರದು. ಮೇಲಿನ ಉದಾಹರಣೆಯಲ್ಲಿ ಆದದ್ದು ಇದೇ. 2022ರಲ್ಲಿ ಇದಕ್ಕೊಂದು ದಾರಿ ಬಂದಿತು. ಹಳೆಯ ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರ್‌ನಿಂದ 'ಮೂವ್ ಟು ಐಒಎಸ್' ಎಂಬ ಆಪನ್ನು ಹಾಕಿಕೊಳ್ಳಬೇಕು. ಐಫೋನು ಹೊಸದಾಗಿರಬೇಕು, ಇಲ್ಲವೆ ಪೂರ್ತಿ ಅಳಿಸಿದ್ದಾಗಿರಬೇಕು. ಅದನ್ನು ಮೊದಲ ಸಲ ಸಿದ್ಧಗೊಳಿಸುವಾಗ ಆಂಡ್ರಾಯ್ಡಿನಿಂದ ತರಬೇಕೆ ಎಂದು ಕೇಳುತ್ತದೆ. ಒಪ್ಪಿದರೆ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಹಳೆಯ ಫೋನಿನಲ್ಲಿ ಒತ್ತಬೇಕು. ಸಾಗಿಸಬೇಕಾದವುಗಳ ಪಟ್ಟಿಯಲ್ಲಿ ವಾಟ್ಸಾಪನ್ನು ತಪ್ಪದೆ ಆರಿಸಿರಿ. ಕೆಲಸ ಮುಗಿದ ಮೇಲೆ ಐಫೋನಿಗೆ ವಾಟ್ಸಾಪ್ ಹಾಕಿ, ಅದೇ ನಂಬರಿನಿಂದ ಪ್ರವೇಶಿಸಿರಿ.

ಇಲ್ಲಿ ಮೂರು ಎಚ್ಚರಿಕೆಗಳು. ಎರಡು ಫೋನುಗಳೂ ಚಾರ್ಜಿಗೆ ಹಾಕಿರಬೇಕು. ಕೆಲಸ ಮುಗಿಯುವವರೆಗೆ ಫೋನನ್ನು ಬೇರೆ ಕೆಲಸಕ್ಕೆ ಮುಟ್ಟಬಾರದು. ಕರೆಂಟು ಹೋಗುವ ಹೊತ್ತಿನಲ್ಲಿ ಶುರುಮಾಡಬಾರದು.

ಮೂರನೆಯದು ಚಿತ್ರ ಮತ್ತು ಕಾಗದಪತ್ರಗಳು. ಚಿತ್ರಗಳೂ ಅದೇ ಆಪಿನಿಂದ ಬರುತ್ತವೆ. ಗೂಗಲ್ ಖಾತೆಯಲ್ಲಿ ಬಿಟ್ಟಿಯಾಗಿ ಸಿಗುವ ಸ್ಥಳ 15 ಜಿಬಿ, ಆಪಲ್ ಖಾತೆಯಲ್ಲಿ 5 ಜಿಬಿ. ಆದ್ದರಿಂದ ಎಲ್ಲವೂ ತಾನಾಗಿ ಉಳಿಯುತ್ತದೆಂದು ನಂಬಬೇಡಿ. ಪಹಣಿ, ವಿಮೆಯ ರಶೀದಿ, ಮಂಡಿಯ ಚೀಟಿ, ಇವನ್ನು ಕಾಗದದಲ್ಲಿ ಮುದ್ರಿಸಿ ಪೆಟ್ಟಿಗೆಯಲ್ಲಿಡುವ ಹಳೆಯ ಪದ್ಧತಿಯೇ ಎಲ್ಲಕ್ಕಿಂತ ಭದ್ರ.

5. ಹಣದ ಆಪ್‌ಗಳು

ಹಣ ಕಳಿಸುವ ಯುಪಿಐ ಆಪ್ ಫೋನಿಗೂ ಸಿಮ್ಮಿಗೂ ಜೊತೆಯಾಗಿ ಕಟ್ಟಿಕೊಂಡಿರುತ್ತದೆ. ಫೋನು ಬದಲಾದರೆ ಹೊಸದಾಗಿ ನೋಂದಾಯಿಸಬೇಕು. ಆಗ ನಿಮ್ಮ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೋಗುತ್ತದೆ. ಆಂಡ್ರಾಯ್ಡಿನಲ್ಲಿ ಆಪೇ ಅದನ್ನು ಕಳಿಸುತ್ತದೆ. ಐಫೋನಿನಲ್ಲಿ ಸಂದೇಶ ಬರೆದು ಸಿದ್ಧವಾಗಿ ನಿಲ್ಲುತ್ತದೆ. ಕಳಿಸುವ ಗುಂಡಿಯನ್ನು ನೀವೇ ಒತ್ತಬೇಕು. ಬರೆದಿರುವ ಅಕ್ಷರಗಳನ್ನು ತಿದ್ದಬಾರದು. ಎಷ್ಟೋ ಜನ ಇಲ್ಲಿಯೇ ನಿಂತುಬಿಡುತ್ತಾರೆ. ರೀಚಾರ್ಜಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ನೋಂದಣಿ ಆಗದು. ಮೊದಲು ಅದನ್ನು ನೋಡಿಕೊಳ್ಳಿ.

ಫೋನು ಬದಲಾದ ಮಾತ್ರಕ್ಕೆ ನಿಮ್ಮ ಯುಪಿಐ ಪಿನ್ ಬದಲಾಗುವುದಿಲ್ಲ. ಮರೆತಿದ್ದರೆ ಡೆಬಿಟ್ ಕಾರ್ಡಿನಿಂದ ಹೊಸದನ್ನು ಮಾಡಿಕೊಳ್ಳಬಹುದು. ಅನೇಕ ಬ್ಯಾಂಕುಗಳಲ್ಲಿ ಆಧಾರಿನಿಂದಲೂ ಆಗುತ್ತದೆ. ಹೊಸ ಫೋನಿನ ಮೊದಲ ದಿನ ಕಳಿಸಬಹುದಾದ ಮೊತ್ತಕ್ಕೆ ಬ್ಯಾಂಕು ಮಿತಿ ಹಾಕುವುದುಂಟು. ಆದ್ದರಿಂದ ಗೊಬ್ಬರ ಕೊಳ್ಳುವ ವಾರ, ಕೊಯ್ಲಿನ ಕೂಲಿ ಕೊಡುವ ವಾರ ಫೋನು ಬದಲಿಸಬೇಡಿ. ಬಿಡುವಿನ ದಿನ ನೋಡಿ ಬದಲಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.

ಈ ಗೊಂದಲದ ಸಮಯದಲ್ಲಿ "ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ನೋಂದಣಿ ಮಾಡಿಕೊಡುತ್ತೇವೆ" ಎಂದು ಯಾರಾದರೂ ಕರೆ ಮಾಡಿದರೆ ಪಿನ್ನನ್ನಾಗಲಿ ಒಟಿಪಿಯನ್ನಾಗಲಿ ಹೇಳಬೇಡಿ. ಮೋಸವಾದರೆ ತಡಮಾಡದೆ 1930 ನಂಬರಿಗೆ ತಿಳಿಸಿರಿ.

6. ಕೈಯ ರೂಢಿ

ಆಂಡ್ರಾಯ್ಡಿನಲ್ಲಿ ಹಿಂದಕ್ಕೆ ಹೋಗಲು ಪರದೆಯ ಕೆಳಗೆ ಒಂದು ಗುಂಡಿ ಇರುವುದುಂಟು. ಐಫೋನಿನಲ್ಲಿ ಅದಿಲ್ಲ. ಪರದೆಯ ಎಡ ಅಂಚಿನಿಂದ ಒಳಕ್ಕೆ ಬೆರಳು ಸರಿಸಬೇಕು, ಇಲ್ಲವೆ ಮೇಲಿನ ಎಡಮೂಲೆಯ ಬಾಣದ ಗುರುತನ್ನು ಒತ್ತಬೇಕು. ಮೊದಲ ವಾರ ಬೆರಳು ಇಲ್ಲದ ಗುಂಡಿಯನ್ನೇ ಹುಡುಕುತ್ತದೆ. ಅದಕ್ಕೆ ಸಿಡುಕಬೇಡಿ.

ಕನ್ನಡದ ಕೀಲಿಮಣೆ ಎರಡರಲ್ಲಿಯೂ ಉಂಟು. ಐಫೋನಿನಲ್ಲಿ ಅದನ್ನು ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಕೀಬೋರ್ಡ್ ಎಂಬಲ್ಲಿ ನೀವೇ ಸೇರಿಸಿಕೊಳ್ಳಬೇಕು. ಅಕ್ಷರಗಳ ಜೋಡಣೆ ಬೇರೆ ಇರಬಹುದು. ದಿನಕ್ಕೆ ನಾಲ್ಕು ಸಾಲು ಬರೆದರೆ ಕೈ ತಾನೇ ಕಲಿಯುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಹತ್ತಿರ ಕುಳಿತು ಕಲಿಯಿರಿ. ಅವರು ಮಾಡಿಕೊಡುವುದಕ್ಕಿಂತ ನೀವೇ ಮಾಡುವುದನ್ನು ಅವರು ನೋಡುವಂತಾಗಬೇಕು.

7. ಹಳೆಯ ಫೋನು ಮತ್ತು ಹಿಂದಿರುಗುವ ದಾರಿ

ಹಳೆಯ ಫೋನನ್ನು ಹದಿನೈದು ದಿನವಾದರೂ ಅಳಿಸದೆ, ಯಾರಿಗೂ ಕೊಡದೆ ಇಟ್ಟುಕೊಳ್ಳಿ. ಎಲ್ಲವೂ ಬಂದಿದೆ ಎಂದು ಖಚಿತವಾದ ಮೇಲೆ ಅದರ ಗೂಗಲ್ ಖಾತೆಯಿಂದ ಹೊರಬಂದು, ಪೂರ್ತಿ ಅಳಿಸಿ ಕೊಡಿರಿ. ಖಾತೆ ತೆಗೆಯದೆ ಅಳಿಸಿದರೆ ಪಡೆದವರಿಗೆ ಫೋನು ತೆರೆಯದೆ ಹೋಗಬಹುದು. ಅಳಿಸದೆ ಕೊಟ್ಟರೆ ನಿಮ್ಮ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ಐಫೋನು ಒಗ್ಗದಿದ್ದರೆ ಆಂಡ್ರಾಯ್ಡಿಗೆ ಹಿಂದಿರುಗಲು ನಾಚಿಕೆ ಪಡಬೇಕಾಗಿಲ್ಲ. ಆಗ ಮೊದಲು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜನ್ನು ಆರಿಸಿರಿ. ಇಲ್ಲವಾದರೆ ಬೇರೆ ಐಫೋನಿನವರು ಕಳಿಸಿದ ಕೆಲವು ಸಂದೇಶಗಳು ನಿಮಗೆ ತಲುಪದೆ ಹೋಗಬಹುದು. ವಾಟ್ಸಾಪನ್ನು ಸಾಗಿಸಲು ಎರಡು ಫೋನುಗಳನ್ನೂ ತಂತಿಯಿಂದ ಜೋಡಿಸುವ ಕ್ರಮವಿದೆ. ಅಲ್ಲಿಯೂ ಆಂಡ್ರಾಯ್ಡ್ ಫೋನು ಹೊಸದಾಗಿ ಸಿದ್ಧಗೊಳ್ಳುವ ಹಂತದಲ್ಲಿರಬೇಕು.

ಮಕ್ಕಳು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಬೇಕೆಂದು ಈ ಪಾಠ ಹೇಳುವುದಿಲ್ಲ. "ಒಂದು ದಿನ ಉಳಿದುಕೋ, ಎಲ್ಲವನ್ನೂ ಕ್ರಮವಾಗಿ ಸಾಗಿಸಿಕೊಟ್ಟು ಹೋಗು" ಎಂದು ಅವರಿಗೆ ಹೇಳಿರಿ. ಫೋನಿಗಿಂತ ಆ ಒಂದು ದಿನವೇ ನಿಮಗೆ ಹೆಚ್ಚಿನ ಉಪಕಾರ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಫೋನಿನಲ್ಲಿ ನಂಬರುಗಳು ಎಲ್ಲಿ ಉಳಿದಿವೆ: ಸಿಮ್ಮಿನಲ್ಲೋ, ಫೋನಿನಲ್ಲೋ, ಖಾತೆಯಲ್ಲೋ?

2. ಆಂಡ್ರಾಯ್ಡಿನ ವಾಟ್ಸಾಪ್ ಪ್ರತಿ ಐಫೋನಿಗೆ ನೇರವಾಗಿ ಏಕೆ ಬರುವುದಿಲ್ಲ? ದಾರಿ ಯಾವುದು?

3. ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸುವ ಮುನ್ನ ಸಿಮ್ಮಿನಲ್ಲಿ ಏನನ್ನು ನೋಡಿಕೊಳ್ಳಬೇಕು?

4. ಬೇರೆಯವರು ಬಳಸಿದ ಐಫೋನನ್ನು ಪಡೆಯುವಾಗ ಅವರಿಂದ ಮಾಡಿಸಿಕೊಳ್ಳಬೇಕಾದ ಕೆಲಸ ಯಾವುದು?

5. ನಿಮ್ಮ ಬೆಳೆಗೆ ತಕ್ಕಂತೆ ಫೋನು ಬದಲಿಸಲು ಬಿಡುವಿನ ವಾರ ಯಾವುದೆಂದು ಲೆಕ್ಕ ಹಾಕಿರಿ.

ಈ ಪ್ರಶ್ನೆಗಳನ್ನು ಸಂಜೆ ಕಟ್ಟೆಯ ಮೇಲೆ ಕುಳಿತಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಉತ್ತರ ಬಲ್ಲವರು ಬಾರದವರಿಗೆ ಕೈಹಿಡಿದು ತೋರಿಸಿಕೊಡಲಿ.