ಟ್ಯಾಲೆಂಟ್ ಅಂದರೆ ಏನು?

ಇವತ್ತು ಒಂದೇ ಪದವನ್ನು ಧ್ಯಾನಿಸೋಣ: ಟ್ಯಾಲೆಂಟ್. "ಬ್ರದರ್, ಅವಳು ಹಾಡ್ತಾಳೆ, ಅವನು ಕೀಬೋರ್ಡ್ ನುಡಿಸ್ತಾನೆ, ನನಗೆ ಮಾತ್ರ ಟ್ಯಾಲೆಂಟೇ ಇಲ್ಲ" ಅಂತ ಯೌವನಸ್ಥರು ನನ್ನ ಹತ್ರ ಹೇಳ್ತಿರ್ತಾರೆ.

ಗ್ರೀಕಿನ 'ತಲಾಂತೋನ್' ಅಂದರೆ ಮೊದಲು ತಕ್ಕಡಿ, ಆಮೇಲೆ ತೂಕ, ಆಮೇಲೆ ಅಷ್ಟು ತೂಕದ ಹಣ. ನಮ್ಮ ಬೈಬಲ್ಲಿನ 'ತಲಾಂತು' ಇದೇ. ಕೂಲಿಯಾಳು ಸುಮಾರು 6,000 ದಿನ, ಅಂದರೆ ಹತ್ತಿರ ಹತ್ತಿರ 20 ವರ್ಷ ದುಡಿದರೆ ಸಿಗುವ ಮೊತ್ತ! ಮತ್ತಾಯ 25ರ ಸಾಮ್ಯದಿಂದಲೇ 15ನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ 'ಪ್ರತಿಭೆ' ಎಂಬ ಅರ್ಥ ಬಂತು.

ಆದರೆ 15ನೇ ವಚನ ಗಮನಿಸಿ. ಯಜಮಾನನು ಅವರವರ ಸಾಮರ್ಥ್ಯ ನೋಡಿ ತಲಾಂತು ಕೊಟ್ಟನು. ಹಾಗಾದರೆ ಸಾಮರ್ಥ್ಯ ಬೇರೆ, ತಲಾಂತು ಬೇರೆ. ತಲಾಂತು ಆಳಿನದಲ್ಲ, ನಂಬಿ ಒಪ್ಪಿಸಿದ ಯಜಮಾನನ ಆಸ್ತಿ. ಒಂದೇ ಸಿಕ್ಕವನಿಗೂ ಸಿಕ್ಕಿದ್ದು ಕಡಿಮೆಯಲ್ಲ. ಅವನು ಹೆದರಿ ಹೂತಿಟ್ಟ. ಯಜಮಾನ ಗದರಿಸಿದ್ದು ಅದಕ್ಕೇ.

ಆದ್ದರಿಂದ "ನನ್ನಲ್ಲಿ ಏನಿದೆ?" ಅನ್ನಬೇಡಿ. "ಕರ್ತನು ನನ್ನ ಕೈಗೆ ಏನು ಒಪ್ಪಿಸಿದ್ದಾನೆ?" ಅಂತ ಕೇಳಿ. ನಿಮ್ಮ ಕೆಲಸ, ಸಂಬಳ, ರಜೆಯ ದಿನ, ಪಕ್ಕದ ಮನೆಯ ಒಂಟಿ ಅಜ್ಜಿ. ಈ ವಾರ ಇದರಲ್ಲಿ ಒಂದನ್ನಾದರೂ ಮಣ್ಣಿನಿಂದ ಹೊರಗೆ ತೆಗೆಯಿರಿ. ಆಮೆನ್.